ಎಡಕ್ಕೆ ತಿರುಗಿದ ದೋಣಿಗಳು

ನನ್ನ ಅಣ್ಣ ಹೊನ್ನಾವರದಲ್ಲಿ ಮೀನುಗಾರಿಕೆ ದೋಣಿ ನಡೆಸುತ್ತಾನೆ. ನಾನು ಕುಮಟೆಯ ಮನೆಯಲ್ಲಿ ಕೂತು ಪ್ರೋಗ್ರಾಂ ಬರೆಯುತ್ತೇನೆ. ಅವನ ದೋಣಿಯ ತಳದಲ್ಲಿ ನೀರಿನ ಆಳ ಅಳೆಯುವ ಮೂರು ಸೆನ್ಸರ್‌ಗಳಿವೆ: ಎಡ, ನಡು, ಬಲ. ಬೇರೆ ದೋಣಿಗಳಲ್ಲಿ ಎರಡೇ ಇರಬಹುದು, ಐದೂ ಇರಬಹುದು. ಹಾಗಾಗಿ ಎಷ್ಟು ಸೆನ್ಸರ್ ಕೊಟ್ಟರೂ ಒಪ್ಪಿಕೊಂಡು, ಎಲ್ಲದರ ಅಳತೆಯನ್ನೂ ಟಪಲ್ ಎಂಬ ಒಂದೇ ಗಂಟಿನಲ್ಲಿ ಸಾಲಾಗಿ ಕಟ್ಟಿ ಹಿಂದಿರುಗಿಸುವ ವೇರಿಯಾಡಿಕ್ ಟೆಂಪ್ಲೇಟ್ ಫಂಕ್ಷನ್ ಬರೆದೆ. ಲ್ಯಾಪ್‌ಟಾಪಿನಲ್ಲಿ ಲಕ್ಷಣವಾಗಿ ಓಡಿತು. ದಕ್ಕೆಗೆ ಕಟ್ಟಿದ್ದ ದೋಣಿಯ ಪರದೆಯಲ್ಲೂ ಸರಿಯಾಗಿಯೇ ಕಂಡಿತು, ಅಲ್ಲಿ ಎಲ್ಲ ಕಡೆ ಆಳ ಒಂದೇ.

ಶರಾವತಿ ಸಮುದ್ರ ಸೇರುವ ಅಳಿವೆ ಹಾಗಲ್ಲ. ಮರಳು ಇವತ್ತು ಇಲ್ಲಿದ್ದರೆ ನಾಳೆ ಅಲ್ಲಿ. ಅದಕ್ಕೇ ದೋಣಿಗಳು ಸಾಲಾಗಿ ಹೊರಡುತ್ತವೆ, ಮುಂದಿನವನು ಹೋದ ದಾರಿಯಲ್ಲೇ ಹಿಂದಿನವರೆಲ್ಲ. ಆ ಬೆಳಿಗ್ಗೆ ಪರದೆ ಇದೆಯೆಂದು ಎಲ್ಲರೂ ಅಣ್ಣನನ್ನೇ ಮುಂದೆ ಬಿಟ್ಟರು. ನೋಡಲೆಂದೇ ಕುಮಟೆಯಿಂದ ಬಂದಿದ್ದ ನಾನು ದಡದಲ್ಲಿ ನಿಂತು ಬೀಗುತ್ತಿದ್ದೆ.

ಅಣ್ಣನ ದೋಣಿ ಎಡಕ್ಕೆ ತಿರುಗಿತು. ಗಕ್ಕನೆ ನಿಂತು, ಮರಳಿಗೆ ತಾಗಿ ವಾಲಿತು. ಹಿಂದಿನವೂ ಒಂದೊಂದಾಗಿ ಎಡಕ್ಕೇ ತಿರುಗುತ್ತಿದ್ದವು! ನೀರಿನಂಚಿಗೆ ಓಡಿ ಕೂಗಿದೆ, ಅಲೆಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಅಣ್ಣ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಬೀಸಿದ, ಅವು ನಿಂತವು. ದೊಡ್ಡ ಅಲೆಯೊಂದು ಎತ್ತಿದ್ದರಿಂದ ಅವನ ದೋಣಿಯೂ ಬಿಡಿಸಿಕೊಂಡಿತು.

"ಎಂತದೇ ಇದು? ಎಡಕ್ಕೆ ಆಳ ಅಂತ ತೋರ್ಸ್ತಲ್ಲೇ!" ದಡಕ್ಕೆ ಬಂದ ಅಣ್ಣ ಪರದೆಯತ್ತ ಕೈ ತೋರಿಸಿದ.

ಕಾರಣ ಸಿಕ್ಕಾಗ ನನಗೆ ನಂಬಲಾಗಲಿಲ್ಲ. ಅಳತೆಗಳು ಒಂದೇ ತಂತಿಯಲ್ಲಿ ಒಂದರ ಹಿಂದೊಂದು ಬರುತ್ತವೆ, ಎಡದ್ದು ಮೊದಲು. ಆದರೆ ಫಂಕ್ಷನ್ ಕರೆಯುವ ಬ್ರಾಕೆಟ್ಟಿನೊಳಗಿನದನ್ನು ಯಾವ ತುದಿಯಿಂದ ಓದಬೇಕೆಂಬುದು ಪ್ರೋಗ್ರಾಂ ಅನ್ನು ಯಂತ್ರದ ಭಾಷೆಗೆ ತರುವ ಕಂಪೈಲರಿನ ಇಷ್ಟವಂತೆ! ನನ್ನ ಲ್ಯಾಪ್‌ಟಾಪಿನದು ಎಡದಿಂದ ಓದಿತ್ತು, ದೋಣಿಯದು ಬಲದಿಂದ. ಎಡದ ಅಳತೆ ಬಲದ ಜಾಗದಲ್ಲಿ, ಬಲದ್ದು ಎಡದಲ್ಲಿ ಕೂತಿತ್ತು. ಎಚ್ಚರಿಕೆಯ ಒಂದು ಸಾಲೂ ಇಲ್ಲ. ಇಂಥ ನಿಯಮ ಮಾಡಿದವರು ಒಮ್ಮೆ ನಮ್ಮ ಅಳಿವೆ ದಾಟಿ ತೋರಿಸಲಿ!

ದುಂಡು ಬ್ರಾಕೆಟ್ ತೆಗೆದು ಫ್ಲವರ್ ಬ್ರಾಕೆಟ್ ಹಾಕಿದೆ. ಅದರೊಳಗೆ ಎಡದಿಂದಲೇ ಶುರು ಮಾಡಬೇಕೆಂಬ ಕಟ್ಟುನಿಟ್ಟಿದೆ. ಈ ಸಲ ದೋಣಿಯ ಕಂಪ್ಯೂಟರಿನಲ್ಲೇ, ಮೂರು ಕಡೆಗೂ ಬೇರೆ ಬೇರೆ ಆಳ ಕೊಟ್ಟು ಓಡಿಸಿ ನೋಡಿದೆ.

ಮರುದಿನ ದಕ್ಕೆಯಲ್ಲಿ ಅಣ್ಣ ಕೇಳಿದ, "ಸರಿ ಆತಾ?"

"ಆತು."

"ಹಂಗಾರೆ ನೀನೂ ಹತ್ತು."

ಸರಿಯಾಗಿದೆ ಎಂದು ನನಗೆ ಗೊತ್ತಿತ್ತು. ಆದರೂ ಕಾಲು ಮೇಲೇಳಲಿಲ್ಲ. ಅಣ್ಣ ದೋಣಿಯಿಂದ ಕೈ ಚಾಚಿದ. ಅವನ ಹಿಂದೆ ಸಾಲಾಗಿ ನಿಂತಿದ್ದ ದೋಣಿಯವರೆಲ್ಲ ನನ್ನ ಕಾಲನ್ನೇ ನೋಡುತ್ತಿದ್ದರು.