ಮುರಿದ ಮೋರಿಯ ಹತ್ತಿರ ನಿಲ್ಲುತ್ತಿದ್ದ ಕಾರು

ನಾನು ವಿಜ್ಞಾನದ ಮೇಷ್ಟ್ರು. ದೆವ್ವ, ಗಾಳಿ, ಸೋಂಕು ಎಂದವರನ್ನು ಸ್ಟಾಫ್ ರೂಮಿನಲ್ಲಿ ಕೂರಿಸಿಕೊಂಡು ಗೋಳು ಹೊಯ್ದುಕೊಳ್ಳುವುದೆಂದರೆ ಒಂದು ಕಾಲಕ್ಕೆ ನನಗೆ ಎಲ್ಲಿಲ್ಲದ ಖುಷಿ. ಕೆಟ್ಟದ್ದಕ್ಕೆಲ್ಲ ಕಾರಣ ಇರುತ್ತದೆ, ಹುಡುಕುವ ತಾಳ್ಮೆ ಬೇಕು ಎಂದು ಎದೆ ತಟ್ಟಿ ಹೇಳುತ್ತಿದ್ದೆ. ಈಗ ಅಂಥ ಮಾತು ಬಂದರೆ ಚಹಾದ ಲೋಟ ಹಿಡಿದು ಹೊರಗೆ ಎದ್ದು ಹೋಗುತ್ತೇನೆ. ನೀವು ನಂಬಿ ಎಂದು ಇದನ್ನು ಬರೆಯುತ್ತಿಲ್ಲ. ನಾನೇ ಇನ್ನೂ ಪೂರ್ತಿ ನಂಬಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಚಳ್ಳಕೆರೆಯಲ್ಲಿದ್ದೆ. ಹಳೆ ಕಾರು ರಿಪೇರಿ ನನ್ನ ಹುಚ್ಚು. ಒಂದು ಎಣ್ಣೆ ಮಿಲ್ಲಿನ ಹಿಂದೆ ವರ್ಷಗಟ್ಟಲೆ ಕೋಳಿಗಳ ಮನೆಯಾಗಿದ್ದ ಅಂಬಾಸಿಡರ್ ಒಂದನ್ನು ಕೊಂಡು, ಭಾನುವಾರಗಳನ್ನೆಲ್ಲ ಅದರ ಕೆಳಗೆ ಮಲಗಿ ಕಳೆಯುತ್ತಿದ್ದೆ. ಹೆಂಡತಿ ಊಟವನ್ನು ಬಾನೆಟ್ಟಿನ ಮೇಲೇ ಇಟ್ಟು ಹೋಗುತ್ತಿದ್ದಳು. ಈ ವಿದ್ಯೆಯಲ್ಲಿ ನನ್ನ ಗುರು ಮೆಕ್ಯಾನಿಕ್ ರಹಮತ್ ಸಾಬರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ರೋಗ ಹೇಳುತ್ತಿದ್ದರು. ಅವರದು ಒಂದೇ ನಿಯಮ: "ಒಂದ್ಸಲಕ್ಕೆ ಒಂದೇ ಸಾಮಾನು ಬದ್ಲಾಯಿಸ್ಬೇಕು ಮೇಷ್ಟ್ರೇ. ಎರಡು ಬದ್ಲಾಯಿಸಿದ್ರೆ ಯಾವ್ದು ಹರಾಮಿ ಅಂತ ಗೊತ್ತಾಗಲ್ಲ." ಈ ನಿಯಮವನ್ನು ನಾನು ತರಗತಿಯಲ್ಲೂ ಪಾಠ ಮಾಡುತ್ತಿದ್ದೆ.

ಕಾರು ಹುಚ್ಚಿಗೆ ಕೊಂಡದ್ದು ನಿಜ, ಆದರೆ ಅದಕ್ಕೆ ಆ ವರ್ಷ ಒಂದು ಕೆಲಸ ಬಿತ್ತು. ನನ್ನ ತಂಗಿ ಗಂಗಮ್ಮನನ್ನು ಮೊಳಕಾಲ್ಮುರಿನ ಆಚೆ ಸಿದ್ದಾಪುರಕ್ಕೆ ಕೊಟ್ಟಿತ್ತು. ಮೊದಲ ಹೆರಿಗೆಯಲ್ಲಿ ಗಾಡಿ ಸಿಗದೆ ತಡವಾಗಿ ಮಗು ಉಳಿಯಲಿಲ್ಲ, ಅವಳು ಉಳಿದದ್ದೇ ಹೆಚ್ಚು. ಈಗ ಎರಡನೆಯದು. ಆಪರೇಷನ್ ಬೇಕಾದೀತು, ನೋವು ಕಂಡ ಕೂಡಲೇ ಇಲ್ಲಿಗೇ ಕರೆತನ್ನಿ ಎಂದು ಚಳ್ಳಕೆರೆಯ ಡಾಕ್ಟರಮ್ಮ ಹೇಳಿದ್ದರು. ಮೊದಲೇ ಕರೆತಂದು ಇಟ್ಟುಕೊಳ್ಳೋಣವೆಂದರೆ ಅತ್ತೆ ಒಪ್ಪಲಿಲ್ಲ. ಎಂಟನೇ ತಿಂಗಳಲ್ಲಿ ಬಸುರಿ ಊರ ಗಡಿ ದಾಟುವ ಹಾಗಿಲ್ಲವಂತೆ. "ನೀ ಬರ್ತೀಯ ಅಲ್ಲಣ್ಣ? ಕಾರು ನಿಲ್ಲಲ್ಲ ಅಲ್ಲ?" ಎಂದು ಗಂಗಮ್ಮ ಕೇಳಿದ್ದಳು. ನನ್ನ ಕಾರು ನಿಲ್ಲುವುದೇ, ಎಂದು ನಕ್ಕಿದ್ದೆ.

ಅವಳನ್ನು ನೋಡಿಬರಲು ಹೋದ ಮೊದಲ ಭಾನುವಾರವೇ ಅದು ನಿಂತಿತು. ಹಾನಗಲ್ ದಾಟಿದ ಮೇಲೆ, ಎರಡೂ ಕಡೆ ಬಂಡೆಗುಡ್ಡಗಳಿರುವಲ್ಲಿ, ಒಂದು ಮೋರಿ. ಅದರ ಎಡಗಡೆಯ ಕಟ್ಟೆ ಅರ್ಧ ಮುರಿದಿತ್ತು. ಅಲ್ಲಿಗೆ ಬಂದು ಇಂಜಿನ್ ದೀಪ ಆರಿಸಿದಂತೆ ಆರಿತು. ಬಿಸಿಲಿಗೆ ಪೆಟ್ರೋಲ್ ಆವಿಯಾಗಿದೆ ಎಂದುಕೊಂಡು ಪಂಪಿಗೆ ಒದ್ದೆ ಬಟ್ಟೆ ಸುತ್ತಿದೆ. ಏನೂ ಆಗಲಿಲ್ಲ. ಪೆಟ್ರೋಲ್ ಬರುತ್ತಿತ್ತು, ಕಿಡಿಯೂ ಬರುತ್ತಿತ್ತು, ಇಂಜಿನ್ ಮಾತ್ರ ಹತ್ತಲಿಲ್ಲ. ಕುರಿ ಕಾಯುವ ಇಬ್ಬರನ್ನು ಕರೆದು ಮೋರಿಯ ಆಚೆಗೆ ತಳ್ಳಿಸಿದ ಮೇಲೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಯಿತು. ಸಂಜೆ ವಾಪಸು ಬರುವಾಗಲೂ ಅಲ್ಲೇ ನಿಂತಿತು.

ಮುಂದಿನ ಭಾನುವಾರವೂ ಅಷ್ಟೇ. ರಹಮತ್ ಸಾಬರು ಕಾಯಿಲ್ ಬದಲಾಯಿಸಿದರು. ನಿಂತಿತು. ಕಂಡೆನ್ಸರ್, ಪಂಪು, ಕೊನೆಗೆ ಇನ್ನೊಂದು ಗಾಡಿಯ ಕಾರ್ಬುರೇಟರನ್ನೇ ಬಿಚ್ಚಿ ಹಾಕಿದರು. ನಡುವಿನ ರಜೆಯನ್ನೂ ಬಿಡದೆ, ಒಂದು ಸಲಕ್ಕೆ ಒಂದೇ ಸಾಮಾನು ಬದಲಾಯಿಸುತ್ತ ಪರೀಕ್ಷೆ ಮಾಡಿದೆವು. ಬೇರೆ ಯಾವ ರಸ್ತೆಯಲ್ಲೂ, ದೊಡ್ಡಉಳ್ಳಾರ್ತಿಯ ಕಾವಲಿನ ಕೆಟ್ಟ ಏರಿನಲ್ಲೂ, ಕಾರು ಕೆಮ್ಮಲಿಲ್ಲ. ಆ ಮೋರಿಯ ಹತ್ತಿರ ಮಾತ್ರ ನಿಲ್ಲುತ್ತಿತ್ತು. ನನಗೆ ಹಟ ಹತ್ತಿತ್ತು, ಒಳಗೊಳಗೇ ದಿಗಿಲೂ ಇತ್ತು. ಗಂಗಮ್ಮ ಹಿಂದಿನ ಸೀಟಿನಲ್ಲಿದ್ದಾಗ ನಿಂತರೆ ಏನು ಗತಿ ಎಂದು ನಿದ್ದೆ ಬರುತ್ತಿರಲಿಲ್ಲ.

ಒಂದು ಭಾನುವಾರ ರೇಡಿಯೇಟರಿನ ಬಿಸಿನೀರು ಕೈಮೇಲೆ ಬಿದ್ದು ನಾನು ಮನೆಯಲ್ಲಿ ಉಳಿದೆ. ಸಾಬರು ಒಬ್ಬರೇ ಮೊಳಕಾಲ್ಮುರಿಗೆ ಹೋಗಿ ಬಂದರು. ಕಾರು ನಿಲ್ಲಲಿಲ್ಲ. ಮಾರನೆಯ ದಿನ ಮತ್ತೆ ಹೋದರು, ನಿಲ್ಲಲಿಲ್ಲ. ಸರಿ, ನನ್ನ ಡ್ರೈವಿಂಗಿನಲ್ಲೇ ಏನೋ ತಪ್ಪಿದೆ ಎಂದು ಮೂರನೆಯ ಸಲ ನಾನು ಹಿಂದಿನ ಸೀಟಿನಲ್ಲಿ ಕೂತೆ. ಮೋರಿಯ ಹತ್ತಿರ ನಿಂತಿತು. ಸಾಬರು ಬಾನೆಟ್ ಎತ್ತಲೂ ಇಳಿಯಲಿಲ್ಲ. ಸ್ಟೀರಿಂಗ್ ಹಿಡಿದುಕೊಂಡೇ ಕನ್ನಡಿಯಲ್ಲಿ ನನ್ನನ್ನು ನೋಡಿದರು.

"ಎಲ್ಲಾ ಸಾಮಾನು ಬದ್ಲಾಯಿಸಿದ್ವಿ ಮೇಷ್ಟ್ರೇ," ಎಂದರು. "ಇನ್ನು ಉಳ್ದಿರೋದು ನೀವೊಬ್ರೇ."

ನಾನು ನಕ್ಕೆ. ಅವರು ನಗಲಿಲ್ಲ.

ಅವರ ಮಾತು ಸುಳ್ಳೆಂದು ತೋರಿಸಲು ಆ ಶನಿವಾರವೇ ಮಧ್ಯಾಹ್ನದ ಬಸ್ಸು ಹತ್ತಿದೆ. ಕೈಯಲ್ಲಿ ಕೊಡೆ, ಒಂದು ಚೀಲ. ನಲವತ್ತು ಜನರಿದ್ದ ಬಸ್ಸು ಮುರಿದ ಕಟ್ಟೆಯ ಎದುರಿಗೆ ಬಂದು ಆರಿತು. ಡ್ರೈವರ್ ಬೈಯುತ್ತ ಇಳಿದು ನೋಡಿದ, ಹತ್ತಿ ನೋಡಿದ. ಬಸ್ಸಿನೊಳಗೆ ಸೆಖೆ ಏರಿತು, ಮಕ್ಕಳು ಅತ್ತವು. ನನ್ನ ಪಕ್ಕದಲ್ಲಿ ಕೂತಿದ್ದ ಗಡಿ ಕಡೆಯ ಒಬ್ಬ ಅಜ್ಜಿ ಅದುವರೆಗೆ ನನ್ನ ಜೊತೆ ಮಾತಾಡಿರಲಿಲ್ಲ. ನನ್ನ ಮುಖವನ್ನೇ ನೋಡುತ್ತ ಮೆಲ್ಲಗೆ ತೆಲುಗಿನಲ್ಲಿ, "ದಿಗು ನಾಯನಾ," ಎಂದಳು. ಇಳಿಯಪ್ಪಾ ಎಂದು. ನಾನು ಇಳಿದೆ. ಎರಡನೇ ಕಾಲು ನೆಲಕ್ಕೆ ತಾಗುತ್ತಿದ್ದಂತೆ ಇಂಜಿನ್ ಹತ್ತಿಕೊಂಡಿತು.

"ಹತ್ರೀ ಸಾರ್, ಹೊತ್ತಾಗೈತೆ!" ಎಂದು ಕಂಡಕ್ಟರ್ ಕೂಗಿದ. ನೀವು ಹೋಗಿ ಎಂದು ಕೈಬೀಸಿದೆ.

ಬಸ್ಸು ಹೋದ ಮೇಲೆ ಆ ಕಟ್ಟೆಯ ಮೇಲೆ ಕೂತೆ. ನನಗೆ ನೆನಪಿರುವಂತೆ ಐದೋ ಹತ್ತೋ ನಿಮಿಷ ಕೂತಿದ್ದೇನು. ಗಾಳಿ ಇರಲಿಲ್ಲ, ಒಂದು ಹಕ್ಕಿಯೂ ಕೂಗಲಿಲ್ಲ. ಎದ್ದಾಗ ಬಂಡೆಗಳ ನೆರಳು ರಸ್ತೆ ದಾಟಿ ಆಚೆ ಹೋಗಿತ್ತು. ಮಧ್ಯಾಹ್ನ ಸಂಜೆಯಾಗಿತ್ತು. ನಾನು ಮೋರಿ ದಾಟಲಿಲ್ಲ. ಹಾನಗಲ್‌ವರೆಗೆ ಹಿಂದಕ್ಕೆ ನಡೆದು, ಒಂದು ಲಾರಿ ಹತ್ತಿ ಊರಿಗೆ ಬಂದೆ. ಮನೆಗೆ ಬಂದಾಗ ಹೆಂಡತಿ ಕೊಡೆ ಎಲ್ಲಿ ಎಂದು ಕೇಳಿದಳು. ಅಲ್ಲೇ ಮರೆತಿದ್ದೆ.

ಆಮೇಲೆ ವಾರ ತುಂಬುವುದರೊಳಗೆ ಸ್ಕೂಲಿಗೆ ಫೋನ್ ಬಂತು. ಬೆಳಗಿನ ಎರಡನೇ ಪಿರಿಯಡ್. ಗಂಗಮ್ಮನಿಗೆ ನೋವು ಶುರುವಾಗಿದೆ, ದಿನ ತುಂಬುವ ಮೊದಲೇ. ಕೈಯಲ್ಲಿ ಸೀಮೆಸುಣ್ಣ ಹಿಡಿದುಕೊಂಡೇ ರಹಮತ್ ಸಾಬರ ಶೆಡ್ಡಿಗೆ ಓಡಿದೆ. ಅಣ್ಣನಾದವನು ನಾನು. ಬರುತ್ತೇನೆಂದು ಮಾತು ಕೊಟ್ಟವನೂ ನಾನೇ. ಆದರೂ ಕೀಲಿಯನ್ನು ಅವರ ಕೈಗೆ ಹಾಕಿ, "ನೀವು ಹೋಗಿ ಬನ್ನಿ, ನಾನು ಬರೋದಿಲ್ಲ," ಎಂದೆ. ವಿಜ್ಞಾನದ ಮೇಷ್ಟ್ರು ಹಾಗೆ ಹೇಳಿದ್ದಕ್ಕೆ ನನಗೆ ಅವತ್ತೂ ನಾಚಿಕೆಯಾಯಿತು, ಇವತ್ತೂ ಆಗುತ್ತದೆ. ಸಾಬರು ಒಂದು ಮಾತನ್ನೂ ಕೇಳದೆ ಹೊರಟರು. ನಾನು ಆಸ್ಪತ್ರೆಯ ಬಾಗಿಲಲ್ಲಿ ನಿಂತೆ. ಡಾಕ್ಟರಮ್ಮ, ಆಯಾ, ಗೇಟಿನವನು, ಎಲ್ಲರೂ ನನ್ನನ್ನು ಅಲ್ಲೇ ನೋಡಿದ್ದಾರೆ. ನಾಲ್ಕು ಗಂಟೆ ಕಾಲ ನಾನು ಅಲ್ಲಿಂದ ಕದಲಲಿಲ್ಲ.

ಕಾರು ಬಂತು. ಎಲ್ಲೂ ನಿಂತಿರಲಿಲ್ಲ. ಇನ್ನು ಅರ್ಧ ಗಂಟೆ ತಡವಾಗಿದ್ದರೆ ಇಬ್ಬರೂ ಇರುತ್ತಿರಲಿಲ್ಲ ಎಂದು ಡಾಕ್ಟರಮ್ಮ ಆಮೇಲೆ ಹೇಳಿದರು. ಗಂಡು ಮಗು. ನಾನು ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ.

ಮೂರನೆಯ ದಿನ ಗಂಗಮ್ಮನಿಗೆ ಕುಡಿಯಲು ಗಂಜಿ ಕೊಡುತ್ತಿದ್ದೆ. ಅವಳ ಮುಖದಲ್ಲಿ ಏನೋ ಮುನಿಸು. ಕೊನೆಗೆ ಕೇಳಿಯೇಬಿಟ್ಟಳು.

"ಅಲ್ಲಣ್ಣ, ಅಷ್ಟು ದೂರ ಬಂದೋನು ಮನೆತನಕ ಯಾಕೆ ಬರ್ಲಿಲ್ಲ?"

"ಎಲ್ಲಿಗೆ ಬಂದಿದ್ದೆ?"

"ಮುರ್ದಿರೋ ಮೋರಿ ಐತಲ್ಲ, ಅಲ್ಲಿ. ಆ ಬಿಸ್ಲಾಗೆ ಕೊಡೆನೂ ಬಿಚ್ಚದೆ ಕೈಯಾಗೆ ಹಿಡ್ಕಂಡು ನಿಂತಿದ್ದೆ. ನಿಲ್ಸು ನಿಲ್ಸು ಅಂತ ಕೈ ಅಡ್ಡ ಹಾಕ್ದೆ. ಸಾಬ್ರು ನಿನ್ನ ನೋಡಿದ್ರೂ ನಿಲ್ಲಿಸ್ಲಿಲ್ಲ. ನಾನು ಎಷ್ಟು ಕೂಗ್ಕಂಡೆ ಗೊತ್ತಾ?"

ಗಂಜಿಯ ಲೋಟ ಕೆಳಗಿಟ್ಟು ಸೀದಾ ಶೆಡ್ಡಿಗೆ ಹೋದೆ. ರಹಮತ್ ಸಾಬರು ಒಂದು ಜೀಪಿನ ಮುಂದೆ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರಿಗೆ ಗೊತ್ತಾಯಿತು. ಕೈಯ ಗ್ರೀಸನ್ನು ಬಟ್ಟೆಯಿಂದ ಒರೆಸಿಕೊಳ್ಳುತ್ತಲೇ ಇದ್ದರು.

"ಅಲ್ಲಿ ಹತ್ತಿಸ್ಕೊಂಡಿದ್ರೆ ಗಾಡಿ ಅಲ್ಲೇ ಸಾಯ್ತಿತ್ತು. ನಿಮ್ ತಂಗಿನೂ," ಎಂದರು.

"ನಾನು ಇಲ್ಲೇ ಇದ್ದೆನಲ್ಲ ಸಾಬರೇ."

"ನನಗೂ ಗೊತ್ತು. ಕೀಲಿ ಕೊಟ್ಟಿದ್ದು ನೀವೇ ಅಲ್ವಾ?" ಎಂದು, ಬಟ್ಟೆಯನ್ನು ಜೀಪಿನ ಮೇಲೆ ಹಾಕಿ, "ಅಲ್ಲಿ ನಿಂತಿದ್ದೋರು ಕಿಟಕಿ ಪಕ್ಕಕ್ಕೇ ಬಂದಿದ್ರು. ನಾನು ಮುಖ ತಿರುಗಿಸ್ಕೊಂಡೆ," ಎಂದರು. ಈ ವಿಷಯವನ್ನು ಮತ್ತೆ ಎತ್ತಬೇಡಿ ಎಂದು ಕೈಮುಗಿದರು. ಅವರು ತೀರಿಕೊಳ್ಳುವವರೆಗೂ ನಾನು ಎತ್ತಲಿಲ್ಲ.

ಬಹಳ ವರ್ಷಗಳಾದವು. ಹಳೆ ಕಾರುಗಳ ಹುಚ್ಚು ಬಿಟ್ಟಿಲ್ಲ, ಈಗಲೂ ಒಂದು ಸಲಕ್ಕೆ ಒಂದೇ ಸಾಮಾನು ಬದಲಾಯಿಸುತ್ತೇನೆ. ಗಂಗಮ್ಮ ಈಗ ಮೀಸೆ ಬಂದಿರುವ ಮಗನನ್ನು ಕರೆದುಕೊಂಡು ತಾನೇ ನನ್ನ ಮನೆಗೆ ಬರುತ್ತಾಳೆ. ನಾನು ಆ ರಸ್ತೆಯಲ್ಲಿ ಹಾನಗಲ್ ದಾಟಿ ಹೋಗಿಲ್ಲ. ಬಿಸಿಲಿಗೆ ತಲೆ ಸುತ್ತಿತ್ತು, ತಂಗಿಗೆ ನೋವಿನಲ್ಲಿ ಭ್ರಮೆಯಾಯಿತು, ಎಂದೆಲ್ಲ ಕಾರಣ ಹುಡುಕಿದ್ದೇನೆ. ರಹಮತ್ ಸಾಬರಿಗೆ ಯಾವ ನೋವೂ ಇರಲಿಲ್ಲವಲ್ಲ ಎಂಬಲ್ಲಿಗೆ ಬಂದು ಕೈಚೆಲ್ಲುತ್ತೇನೆ. ಬಸ್ಸಿನಿಂದ ಇಳಿದು ಆ ಕಟ್ಟೆಯ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ ನನಗೆ ಗೊತ್ತಿಲ್ಲ. ಅಲ್ಲಿಂದ ಎದ್ದು ಬಂದವನು ನಾನೇ ಎಂದು ತಿಳಿದುಕೊಂಡಿದ್ದೇನೆ.