ಹಾಸಿನ ಮೇಲೆ ಬಿದ್ದ ಗ್ರಹಣ

ನೂಲಿಗೆ ಹಚ್ಚಿದ ಗಂಜಿ ಬಿಸಿಲಿಗೆ ಒಣಗುವಾಗ ಒಂದು ವಾಸನೆ ಏಳುತ್ತದೆ. ತುಸು ಹುಳಿ, ತುಸು ಹಿಟ್ಟು, ತುಸು ಬೆಚ್ಚಗೆ. ಜಮಖಂಡಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಲೇ ನನ್ನ ಕೂದಲು ನರೆತವು. ಆದರೂ ಬನಹಟ್ಟಿಯ ಯಾವುದಾದರೂ ಓಣಿಯಲ್ಲಿ ಆ ವಾಸನೆ ಮೂಗಿಗೆ ಬಡಿದರೆ ಸಾಕು, ಹೋಗುತ್ತಿದ್ದ ಕೆಲಸ ಮರೆತು ನಿಂತುಬಿಡುತ್ತೇನೆ. ನಿಮಗೂ ಇಂಥದೊಂದು ವಾಸನೆ ಇದ್ದೇ ಇರುತ್ತದೆ, ಅದು ಕರೆದುಕೊಂಡು ಹೋಗುವ ಮನೆ ಮಾತ್ರ ಈಗ ಇರಲಿಕ್ಕಿಲ್ಲ. ನನ್ನದಂತೂ ಇಲ್ಲ. ಅದು ಮಣ್ಣಿನ ಮಾಳಿಗೆಯ, ಉದ್ದನೆಯ, ಹಗಲಲ್ಲೂ ಮಬ್ಬಾಗಿರುತ್ತಿದ್ದ ಮನೆ. ಪಡಸಾಲೆಯಲ್ಲಿ ನೆಲ ತೋಡಿ ಕೂರಿಸಿದ ಕುಣಿಮಗ್ಗ. ನನ್ನ ತಂದೆಯ ತಂದೆ, ನಮಗೆಲ್ಲ ಮುತ್ಯಾ, ಆ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಲಾಳಿಯ ಸದ್ದು ಸಂಜೆಯವರೆಗೆ ನಿಲ್ಲುತ್ತಿರಲಿಲ್ಲ. ಮಾಳಿಗೆಯ ಬೆಳಕಿಂಡಿಗೆ ಮಳೆಗೆಂದು ತಗಡು ಮುಚ್ಚಿದ್ದರು. ಆ ತಗಡಿನಲ್ಲಿ ಒಂದು ಮೊಳೆ ಕಿತ್ತುಹೋಗಿ ಹರಕು ಮುರುಕಾದ ತೂತೊಂದು ಉಳಿದಿತ್ತು. ಅದರಿಂದ ಇಳಿದ ಬಿಸಿಲು ಅಂಗೈಯಲ್ಲಿ ಹಿಡಿಸುವಷ್ಟು ದುಂಡನೆಯ ಚುಕ್ಕೆಯಾಗಿ ದಿನವಿಡೀ ಪಡಸಾಲೆಯಲ್ಲಿ ನಡೆಯುತ್ತಿತ್ತು. ಅದು ಕಂಬಕ್ಕೆ ಬಂದರೆ ಮುತ್ಯಾನ ಊಟ, ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸಿನ ನೂಲಿನ ಅಂಚಿಗೆ ಬಂದರೆ ಚಹಾ. ಮಳೆಗಾಲದಲ್ಲಿ ಅಲ್ಲಿಂದ ನೀರು ತೊಟ್ಟಿಕ್ಕಿದರೆ ಕೆಳಗೊಂದು ಬೋಗುಣಿ ಇಡುತ್ತಿದ್ದರೇ ಹೊರತು ತೂತು ಮುಚ್ಚುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅದಕ್ಕೆ ಗಡಿಯಾರ ಎಂದೇ ಹೆಸರು.

ಮನೆಯ ಯಜಮಾನಿಕೆ ಮಾತ್ರ ಮುತ್ಯಾನದಲ್ಲ, ಅಜ್ಜಿಯದು. ಆಕೆಯನ್ನು ಆಯಿ ಅನ್ನುತ್ತಿದ್ದೆವು. ಗಟ್ಟಿ ದನಿ, ಅದಕ್ಕಿಂತ ಗಟ್ಟಿ ನಂಬಿಕೆ. ಆಕೆಯ ಕಿರಿಯ ಸೊಸೆ, ನನ್ನ ಕಾಕಾನ ಹೆಂಡತಿ, ಬೀಳಗಿಯ ಕಡೆಯವಳು. ನನಗೆ ಚಿಗವ್ವ. ಮ್ಯಾಟ್ರಿಕ್ ಪಾಸಾಗಿ ಬಂದಿದ್ದಳು, ನನ್ನ ಶಾಲೆಯ ಪುಸ್ತಕಗಳನ್ನು ನನಗಿಂತ ಮೊದಲು ಓದಿ ಮುಗಿಸುತ್ತಿದ್ದಳು. ಆಕೆಯ ಮೊದಲ ಕೂಸು ಹುಟ್ಟುವಾಗಲೇ ಉಸಿರಿಲ್ಲದೆ ಹುಟ್ಟಿತ್ತು. ಬಸುರಿಯಿದ್ದಾಗ ಚಂದ್ರಗ್ರಹಣದ ರಾತ್ರಿ ಆಕೆ ಬದನೆಕಾಯಿ ಹೆಚ್ಚಿದ್ದಳಂತೆ, ಅದಕ್ಕೇ ಹೀಗಾಯಿತಂತೆ, ಎಂದು ಓಣಿಯ ಹೆಂಗಸರು ತೀರ್ಪು ಕೊಟ್ಟರು. ಇನ್ನೊಂದು ಸಲ ಹೀಗಾದರೆ ಕಾಕಾನಿಗೆ ಬೇರೆ ಹೆಣ್ಣು ತರಬೇಕೆಂಬ ಮಾತು ಅಡುಗೆಮನೆಯ ತನಕ ಬಂದಿತ್ತು. ಚಿಗವ್ವ ಎರಡನೆಯ ಸಲ ಬಸುರಿಯಾಗಿ ಹೊಟ್ಟೆ ಕಾಣುವಷ್ಟಾದಾಗಲೇ ದೊಡ್ಡ ಸೂರ್ಯಗ್ರಹಣದ ಸುದ್ದಿ ಬಂತು. ಹುಬ್ಬಳ್ಳಿಯ ಕಡೆ ಸೂರ್ಯ ಪೂರ್ತಿ ಮುಚ್ಚುತ್ತಾನೆ, ನಮ್ಮಲ್ಲಿ ಗೆರೆಯಷ್ಟು ಉಳಿಯುತ್ತಾನೆ ಎಂದು ರೇಡಿಯೋದಲ್ಲಿ ಹೇಳಿದರು. ಆಯಿ ಹೆದರಲು ಅಷ್ಟೇ ಸಾಕಾಯಿತು.

ಅಂದು ಮಧ್ಯಾಹ್ನಕ್ಕೆ ಮುಂಚೆಯೇ ಎಲ್ಲರ ಊಟ ಮುಗಿಯಿತು. ಆಯಿ ನೀರಿನ ಕೊಡಗಳ ಮೇಲೆ, ಹಾಲು ಮೊಸರಿನ ಮೇಲೆ ಕರಕಿ ಹುಲ್ಲಿನ ಎಳೆ ಇಟ್ಟಳು. ಬಾಗಿಲು ಹಾಕಿದಳು. ಕಿಟಕಿಯ ಸಂದಿಗಳಿಗೆ ಚಿಂದಿ ತುರುಕಿದಳು, ಬಾಗಿಲಿನ ಬುಡಕ್ಕೆ ಗೋಣಿಚೀಲ ಸುತ್ತಿ ಇಟ್ಟಳು. ಒಳಕೋಣೆಯ ಕಿಟಕಿ ಸರಿಯಾಗಿ ಮುಚ್ಚದೆಂದು ಚಿಗವ್ವನನ್ನು ಪಡಸಾಲೆಯಲ್ಲೇ, ಮಗ್ಗದ ಬದಿಗೆ ಚಾಪೆ ಹಾಸಿ ಮಲಗಿಸಿದಳು. ಪಕ್ಕದಲ್ಲಿ, ಇನ್ನೂ ಶಾಲೆಯ ಹುಡುಗಿಯಾಗಿದ್ದ ನನ್ನನ್ನು ಕಾವಲು ಕೂರಿಸಿದಳು. ಗ್ರಹಣ ಒಳಗೆ ಬರಲು ಒಂದು ಎಳೆಯಷ್ಟೂ ದಾರಿ ಬಿಟ್ಟಿಲ್ಲವೆಂದು ಆಕೆಗೆ ಖಾತ್ರಿಯಾಯಿತು. ಮೇಲಿನ ತಗಡಿನ ತೂತು ಯಾರ ನೆನಪಿಗೂ ಬರಲಿಲ್ಲ. ಅದು ಕಿಟಕಿಯಲ್ಲವಲ್ಲ, ಗಡಿಯಾರ.

ಬನಹಟ್ಟಿಯ ಹಗಲಿಗೆ ಮಗ್ಗದ ಸದ್ದೇ ಉಸಿರು. ಅಂದು ಒಂದೊಂದೇ ಮನೆಯಲ್ಲಿ ಅದು ನಿಂತು, ಊರೇ ಕಿವಿ ಮುಚ್ಚಿಕೊಂಡಂತಾಯಿತು. ಮನೆಯನ್ನು ಅಷ್ಟು ಕತ್ತಲಾಗಿ ನಾನು ಎಂದೂ ಕಂಡಿರಲಿಲ್ಲ, ಆ ಬೆಳಕಿನ ಚುಕ್ಕೆಯನ್ನು ಅಷ್ಟು ಸ್ಪಷ್ಟವಾಗಿಯೂ ಕಂಡಿರಲಿಲ್ಲ. ಅದು ಸೀರೆಗೆಂದು ಹೂಡಿದ ಅರಿಷಿಣ ಬಣ್ಣದ ಹಾಸಿನ ಮೇಲೆ ಕೂತಿತ್ತು. ನೋಡನೋಡುತ್ತ ಅದರ ಒಂದು ಬದಿಯನ್ನು ಯಾರೋ ಕಚ್ಚಿದ ಹಾಗಾಯಿತು. ನಾನು ಚಿಗವ್ವನ ಸೆರಗು ಜಗ್ಗಿದೆ. ಆಕೆ ಮೊಣಕೈ ಊರಿ ಎದ್ದಳು, ನೋಡಿದಳು, ಮೇಲಿನ ತಗಡು ನೋಡಿದಳು, ಮತ್ತೆ ಹಾಸು ನೋಡಿದಳು. ಆಕೆಯ ಮುಖದಲ್ಲಿ ಭಯವಿರಲಿಲ್ಲ. ಬಹಳ ದಿನದಿಂದ ಗೊತ್ತಿದ್ದವರನ್ನು ಸಂತೆಯಲ್ಲಿ ತಟ್ಟನೆ ಕಂಡ ಹಿಗ್ಗು ಇತ್ತು.

"ತೂತು ನೋಡಬೇ, ಮೂಲಿ ಮೂಲಿ ಐತಿ. ಬೆಳಕು ಯಾಕ ದುಂಡಗ ಬೀಳ್ತಿತ್ತು ಹೇಳು?" ಎಂದು ಪಿಸುಗುಟ್ಟಿದಳು. ನಾನು ಕತ್ತೆತ್ತಿ ತೂತು ನೋಡಿದೆ. "ಅದು ತೂತಿನ ಆಕಾರ ಅಲ್ಲ, ಸೂರ್ಯಂದು! ದಿನಾ ಅವನ ಚಿತ್ರಾನ ಇಲ್ಲಿ ಬಂದು ಕೂಡ್ತಿತ್ತು, ನಮಗ ಗೊತ್ತಿದ್ದಿಲ್ಲ."

ಇಷ್ಟು ವರ್ಷ ನಾನು ಕಲಿಸಿದ್ದರಲ್ಲಿ ಇದಕ್ಕಿಂತ ಚೆನ್ನಾದ ಪಾಠ ಇನ್ನೊಂದಿಲ್ಲ. ಬೆಳಕು ನೆಟ್ಟಗೆ ನಡೆಯುತ್ತದೆ. ಸೂರ್ಯನ ಒಂದೊಂದು ತುಣುಕಿನಿಂದ ಹೊರಟ ಕಿರಣ ಆ ಪುಟ್ಟ ತೂತಿನಲ್ಲಿ ನುಸುಳಿ ತನ್ನ ತನ್ನ ಜಾಗಕ್ಕೆ ಹೋಗಿ ಬೀಳುತ್ತದೆ. ಮೇಲಿನದು ಕೆಳಗೆ, ಎಡದ್ದು ಬಲಕ್ಕೆ. ಸೂರ್ಯ ದುಂಡಗಿದ್ದರೆ ನೆಲದ ಮೇಲಿನ ಚುಕ್ಕೆಯೂ ದುಂಡಗೆ, ಚಂದ್ರ ಅವನನ್ನು ಮುಚ್ಚುತ್ತ ಬಂದರೆ ಚುಕ್ಕೆಯೂ ಸವೆಯುತ್ತದೆ. ಕೋಣೆ ಕತ್ತಲಾದಷ್ಟೂ ಚಿತ್ರ ತಿಳಿಯಾಗುತ್ತದೆ. ಗ್ರಹಣ ಒಳಗೆ ಬಾರದಿರಲೆಂದು ಆಯಿ ಸಂದಿ ಸಂದಿ ಮುಚ್ಚಿ, ಅದನ್ನು ನೋಡಲು ಬೇಕಾದ ಕತ್ತಲೆಯನ್ನು ತಾನೇ ಕೈಯಾರೆ ಕಟ್ಟಿಕೊಟ್ಟಿದ್ದಳು.

ಚುಕ್ಕೆ ಕುಡಗೋಲಿನಂತೆ ಬಾಗಿ ತೆಳ್ಳಗಾದಾಗ ಆಯಿ ಅದನ್ನು ಕಂಡಳು. "ಅಯ್ಯಯ್ಯ, ಒಳಗ ಬಂತಲ್ಲೇ!" ಎಂದು ಕೂಗಿ ಟವೆಲ್ ತಂದು ಅದರ ಮೇಲೆ ಹಾಕಿದಳು. ಕುಡಗೋಲು ಟವೆಲಿನ ಮೇಲೆ ಕೂತಿತು. ಅದರ ಮೇಲೆ ಚಾಪೆಯ ತುಂಡು ಹಾಕಿದಳು, ಅದರ ಮೇಲೂ ಕೂತಿತು. ಅಂಗೈಯಿಂದ ಮುಚ್ಚಿದರೆ ಕೈಯ ಬೆನ್ನಿನ ಮೇಲೆ. ಮುತ್ಯಾ ಏಣಿ ಹುಡುಕುತ್ತೇನೆಂದು ಎದ್ದ. ಏಣಿ ಹಿತ್ತಿಲಲ್ಲಿತ್ತು, ಬಾಗಿಲು ತೆಗೆಯುವ ಹಾಗಿರಲಿಲ್ಲ. ಬೆಳಕು ಹಾಸಿನಿಂದ ಇಳಿದು ನೆಲದ ಮೇಲೆ ಚಿಗವ್ವನ ಚಾಪೆಯ ಕಡೆ ಸರಿಯುತ್ತಿತ್ತು. ಆಕೆ ಬೇಕಾದರೆ ಬೇರೆ ಕಡೆ ಹೋಗಬಹುದಿತ್ತು, ಆದರೆ ಬಸುರಿ ಗ್ರಹಣ ಬಿಡುವ ತನಕ ಮಲಗಿದ ಜಾಗ ಬಿಟ್ಟು ಏಳಬಾರದೆಂಬುದೂ ಆಯಿಯದೇ ಕಟ್ಟಳೆ.

"ಅತ್ತಿ, ಅದು ಬರೇ ಚಿತ್ರರಿ. ಅದರಿಂದ ಏನೂ ಆಗೂದಿಲ್ಲ. ಇಷ್ಟು ಛಲೋ ಐತಿ, ನೀವೂ ನೋಡ್ರಿ," ಅಂದಳು ಚಿಗವ್ವ.

"ನೀ ಸುಮ್ಮಕಿರು ಬೇ. ಹೊಟ್ಟ್ಯಾಗಿನದಕ್ಕ ಏನರ ಆದ್ರ ನಿನ್ನ ಈ ಮಂದಿ ಬಾಳ್ವಿ ಮಾಡಗೊಡೂದಿಲ್ಲ. ನನ್ನ ಮ್ಯಾಲ ಬೀಳಲಿ. ನಾ ಎಲ್ಲಾ ನೋಡಿದಾಕಿ."

ಹಾಗೆ ಹೇಳಿ ಆಯಿ ಸೊಸೆಯ ಹೊಟ್ಟೆಗೂ ಬೆಳಕಿಗೂ ನಡುವೆ ಕೂತಳು. ಕುಡಗೋಲು ಆಕೆಯ ಬೆನ್ನೇರಿತು. ಎದುರಿಗೆ ಕೂತ ಆಕೆಯ ಮುಖ ನೋಡುತ್ತ ಚಿಗವ್ವ ಮತ್ತೆ ಚಾಪೆಗೆ ಒರಗಿದಳು. ಆಕೆಯ ಕಣ್ಣಲ್ಲಿ ನೀರಾಡಿತು. ಹೊರಗೆ ಸಂಜೆಯಾಯಿತೆಂದು ಗೂಡಿಗೆ ಹಾರುವ ಕಾಗೆಗಳ ಕೂಗು ಕೇಳಿತು, ಚಿಂದಿಯನ್ನೂ ದಾಟಿ ತಣ್ಣನೆ ಗಾಳಿ ಬಂತು. ಆಯಿಯ ಬೆನ್ನಿನ ಮೇಲೆ ಸೂರ್ಯ ಗೆರೆಯಾದ, ಮತ್ತೆ ತುಂಬಿಕೊಂಡ. ಆತ ಪೂರ್ತಿ ದುಂಡಗಾಗುವ ತನಕ ಆಯಿ ಬೆಳಕಿನ ದಾರಿ ಬಿಟ್ಟು ಏಳಲಿಲ್ಲ.

ಮಗ್ಗದ ಮೇಲಿದ್ದ ಆ ಸೀರೆಯನ್ನು ಮುತ್ಯಾ ನೇಯ್ದು ಮುಗಿಸಿದ. ಗ್ರಹಣ ಬಿದ್ದ ನೂಲು, ಮಂದಿಯ ಮೈಗೆ ಹೋಗಬಾರದೆಂದು ಆಯಿ ಅದನ್ನು ಪೇಟೆಗೆ ಕಳಿಸಗೊಡಲಿಲ್ಲ, ಟ್ರಂಕಿನಲ್ಲಿಟ್ಟಳು. ಬೇಸಿಗೆ ಮುಗಿಯುವಾಗ ಚಿಗವ್ವ ಹೆತ್ತಳು. ಓಣಿಯ ಹೆಂಗಸರೆಲ್ಲ ಬಾಗಿಲಲ್ಲಿ ಸೇರಿದ್ದರು. ಅವರು ನೋಡುವ ಮೊದಲು ಆಯಿಯೇ ಕೂಸಿನ ಬಟ್ಟೆ ಬಿಚ್ಚಿ ತುಟಿ, ಕಿವಿ, ಬೆರಳು, ಅಂಗಾಲು ಎಲ್ಲ ತಡವಿದಳು. ಆಮೇಲೆ ಹೊರಗೆ ಬಂದು ಗಟ್ಟಿ ದನಿಯಲ್ಲಿ, "ಬರ್ರಿ, ನೋಡ್ರಿ. ಬಂಗಾರದಂಥಾ ಹುಡುಗಿ," ಎಂದಳು. ಅದೇ ಗಿರಿಜಾ. ಆ ಟ್ರಂಕಿನ ಸೀರೆಯನ್ನು ಆಯಿ ಬಾಣಂತನ ಮುಗಿದ ದಿನ ಚಿಗವ್ವನಿಗೆ ತಾನೇ ಉಡಿಸಿದಳು. ಬೇರೆ ಹೆಣ್ಣಿನ ಮಾತು ನಮ್ಮ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ.

ಗಿರಿಜಾ ಹೈಸ್ಕೂಲಿಗೆ ಹೋಗುವಾಗ ಇನ್ನೊಂದು ಸೂರ್ಯಗ್ರಹಣ ಬಂತು. ಆಯಿ ಎಂದಿನಂತೆ ಕರಕಿ ಇಟ್ಟಳು, ಚಿಂದಿ ತುರುಕಿದಳು. ತಗಡಿನ ತೂತನ್ನು ಮಾತ್ರ ಬಿಟ್ಟಳು. ಕಾಕಾ ಕೇಳಿದ್ದಕ್ಕೆ, "ನಾವೇನ ಹೊರಗ ಹೋಗಿ ನೋಡಲಿಲ್ಲ. ಅವನಾಗೇ ನಮ್ಮ ಮನಿಗಿ ಬಂದ್ರ ಹೊರಗ ದಬ್ಬಾಕ ಆಕ್ಕೈತೇನು?" ಎಂದಳು. ನಾವೆಲ್ಲ ನಕ್ಕೆವು, ಚಿಗವ್ವ ಎಲ್ಲರಿಗಿಂತ ಜೋರಾಗಿ ನಕ್ಕಳು. ಆದರೂ ಆಯಿ ಮೊಮ್ಮಗಳ ರಟ್ಟೆ ಹಿಡಿದು ದೂರವೇ ಕೂರಿಸಿಕೊಂಡಿದ್ದಳು. "ನೋಡು. ಮೈ ಮ್ಯಾಲ ಬೀಳಿಸಿಕೋಬ್ಯಾಡ," ಅಷ್ಟೇ ಆಕೆಯ ಕಟ್ಟಪ್ಪಣೆ.

ಅಡ್ಡಳತೆಯಲ್ಲಿ ಸೂರ್ಯ ಚಂದ್ರನಿಗಿಂತ ನಾನೂರು ಪಟ್ಟು ದೊಡ್ಡವನು, ಹೆಚ್ಚುಕಡಿಮೆ ಅಷ್ಟೇ ಪಟ್ಟು ದೂರದಲ್ಲಿದ್ದಾನೆ. ಅದಕ್ಕೇ ಚಂದ್ರ ಅವನನ್ನು ಸರಿಯಾಗಿ ಮುಚ್ಚಬಲ್ಲ. ಆದರೆ ಚಂದ್ರ ವರ್ಷವರ್ಷವೂ ತುಸುತುಸು ದೂರ ಸರಿಯುತ್ತಿದ್ದಾನೆ. ಬಹುದೂರದ ಒಂದು ಕಾಲಕ್ಕೆ ಸೂರ್ಯ ಪೂರ್ತಿ ಮುಚ್ಚುವ ಗ್ರಹಣವೇ ಇರುವುದಿಲ್ಲ. ಇದನ್ನು ಹೇಳಿದಾಗ ನನ್ನ ವಿದ್ಯಾರ್ಥಿಗಳು ಬೇಜಾರು ಮಾಡಿಕೊಳ್ಳುತ್ತಾರೆ. ನಾವು ಸರಿಯಾದ ಹೊತ್ತಿಗೆ ಹುಟ್ಟಿದ್ದೇವೆ, ಖುಷಿಪಡಿ, ಅನ್ನುತ್ತೇನೆ ನಾನು. ಆ ಮನೆಯ ಬಗ್ಗೆಯೂ ನನಗೆ ಹಾಗೇ ಅನಿಸುತ್ತದೆ. ಮುತ್ಯಾ ಹೋದ, ಆಯಿ ಹೋದಳು. ಮಾಳಿಗೆ ಬಿಚ್ಚಿ ಸ್ಲ್ಯಾಬು ಹಾಕಿದರು, ಕುಣಿಗೆ ಮಣ್ಣು ತುಂಬಿ ಫರಸಿ ಹಾಸಿದರು. ಕೊನೆಗೆ ಚಿಗವ್ವನೂ ಹೋದಳು.

ಕೆಲವು ವರ್ಷಗಳ ಹಿಂದೆ ಚಳಿಗಾಲದ ಒಂದು ಬೆಳಿಗ್ಗೆ ಮತ್ತೆ ಗ್ರಹಣವಿತ್ತು. ನಾನು ರಬಕವಿಯಲ್ಲಿ ಗಿರಿಜಾಳ ಮನೆಗೆ ಹೋದೆ. ಆಕೆ ಮಾಳಿಗೆಯ ಮೆಟ್ಟಿಲಕೋಣೆಯ ತಗಡಿನ ಬಾಗಿಲಿಗೆ ಮೊಳೆಯಿಂದ ತೂತು ಹೊಡೆದಿದ್ದಳು. ಎದುರಿನ ಗೋಡೆಗೆ ಆ ಅರಿಷಿಣದ ಸೀರೆಯನ್ನು ಇಳಿಬಿಟ್ಟಿದ್ದಳು. ಬಾಗಿಲು ಮುಚ್ಚಿದೆವು. ಚಿಗವ್ವನ ಸೀರೆಯ ಮೇಲೆ ಕುಡಗೋಲಿನಂಥ ಸೂರ್ಯ ಬಂದು ಕೂತ. ಹಳೆಯ ಗಂಜಿಯ ವಾಸನೆ ಇನ್ನೂ ಇತ್ತೋ, ನನಗೇ ಹಾಗನಿಸಿತೋ. ಸೆರಗು ಸರಿಮಾಡಲೆಂದು ಗಿರಿಜಾ ಸೀರೆಯ ಮುಂದೆ ಹೋದಳು, ಗೋಡೆಯ ಮೇಲಿನ ಚಿತ್ರ ಮಾಯವಾಯಿತು.

"ಅಕ್ಕಾ, ಎಲ್ಲಿ ಹೋತು?"

"ನಿನ್ನ ಬೆನ್ನ ಮ್ಯಾಲ ಐತಿ. ಅಲ್ಲೇ ನಿಂದರು," ಅಂದೆ.

ಆಕೆ ನಿಂತಳು. ಆಕೆ ಹುಟ್ಟುವ ಮೊದಲೇ ಆಯಿ ತನ್ನ ಬೆನ್ನಿನಿಂದ ತಡೆದಿದ್ದ ಬೆಳಕು ಅಷ್ಟು ವರ್ಷದ ಮೇಲೆ ಆಕೆಯನ್ನು ಮುಟ್ಟಿತ್ತು. ಏನೂ ಆಗಲಿಲ್ಲ ಎಂದು ಹೇಳೋಣವೆಂದರೆ ಆಯಿ ಇರಲಿಲ್ಲ.