ಕನ್ಯಾಕುಮಾರಿಗೆ ಹೋಗುವ ವಿಚಾರ

ಭೂಗೋಳ ಕಲಿಸುವ ಮಾಸ್ತರನಾಗಿ ಹದಿನೈದು ವರ್ಷ ಕಳೆದ ಮೇಲೂ ನಾನು ಸಮುದ್ರ ನೋಡಿರಲಿಲ್ಲ. ಇದನ್ನು ನಿಮ್ಮ ಕಿವಿಯಲ್ಲಿ ಹೇಳುತ್ತಿದ್ದೇನೆ, ಶಾಲೆಯ ಹುಡುಗರಿಗೆ ಗೊತ್ತಾಗುವುದು ಬೇಡ. ಉಬ್ಬರವಿಳಿತದ ಪಾಠ ಬಂದಾಗ ನಾನು ಎರಡೂ ಕೈ ಎಷ್ಟು ಖಚಿತವಾಗಿ ಮೇಲೆ ಕೆಳಗೆ ಆಡಿಸುತ್ತಿದ್ದೆನೆಂದರೆ, ಮಾಸ್ತರರು ಬಂದರಿನಲ್ಲೇ ಹುಟ್ಟಿದವರು ಎಂದು ಅವರು ನಂಬಿದ್ದರು. ನಾನು ಹುಟ್ಟಿದ್ದು ರಾಯಬಾಗ ತಾಲೂಕಿನ ಅಲಖನೂರಿನಲ್ಲಿ. ಅಲ್ಲಿ ಯಾವ ದಿಕ್ಕಿಗೆ ನೋಡಿದರೂ ಕಬ್ಬು.

ಮನೆಯ ಮಕ್ಕಳಿಬ್ಬರಿಗೆ ಮಾತ್ರ ಗುಟ್ಟು ಗೊತ್ತಿತ್ತು. ಮಗಳು ವಿಮಲಾ ಐದನೆಯ ಇಯತ್ತೆ ಮುಗಿಸಿದ ಬೇಸಿಗೆಯಲ್ಲಿ, ‘ಮುಂದಿನ ಸೂಟಿಯಲ್ಲಿ ಎಲ್ಲರೂ ಕನ್ಯಾಕುಮಾರಿಗೆ’ ಎಂದು ನಾನು ಘೋಷಿಸಿಬಿಟ್ಟೆ. ಮೂರು ಸಮುದ್ರ ಒಂದೇ ಜಾಗದಲ್ಲಿ ಸಿಗುವಾಗ ಒಂದೊಂದಕ್ಕೆ ಬೇರೆ ಬೇರೆ ಅಲೆಯುವವರು ದಡ್ಡರು ಎಂಬುದು ನನ್ನ ವಾದ. ಮಗ ಬಸು ಆಗಿನ್ನೂ ಚಿಕ್ಕವನು. ಮೂರು ಸಮುದ್ರದ ನಡುವೆ ಬದು ಇರುತ್ತದೆಯೇ ಎಂದು ಕೇಳಿದ. ಅಲ್ಲಿ ಹೋದ ಮೇಲೆ ನೋಡೋಣ ಎಂದೆ, ಏಕೆಂದರೆ ನನಗೂ ಗೊತ್ತಿರಲಿಲ್ಲ. ಆ ದಿನವೇ ಹೊಸ ನೋಟುಬುಕ್ಕು ತಂದು ಮೇಲೆ ಕೆಂಪು ಶಾಯಿಯಲ್ಲಿ ‘ಪ್ರವಾಸ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ಪ್ರವಾಸದ ಅರ್ಧ ಸುಖ ಆ ಎರಡು ಗೆರೆಯಲ್ಲೇ ಸಿಕ್ಕಿತು.

ಪ್ರವಾಸ ಎಂಬ ಮಾತಿನೊಳಗೆ ವಾಸ ಇದೆ, ನೋಡಿ. ಮನೆ ಬಿಟ್ಟು ಬೇರೆ ಕಡೆ ವಾಸ ಮಾಡುವುದು ಎಂದು ಪಂಡಿತರ ಅರ್ಥ. ನನ್ನ ಹೆಂಡತಿಯ ಅರ್ಥದಲ್ಲಿ ಮನೆಯನ್ನೇ ಹೊತ್ತುಕೊಂಡು ಹೋಗಿ ಬೇರೆ ಕಡೆ ವಾಸ ಮಾಡುವುದು. ಒಯ್ಯಬೇಕಾದ ಸಾಮಾನಿನ ಅವಳ ಯಾದಿ ಸ್ಟೋವಿನಿಂದ ಶುರುವಾಗಿ, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಉಪ್ಪಿನಕಾಯಿಯ ಭರಣಿ ದಾಟಿ, ‘ಅಲ್ಲಿ ಸಿಗದಿದ್ದರೆ’ ಎಂದು ಸಣ್ಣ ಗಂಟು ಉಪ್ಪಿನವರೆಗೆ ಬಂದಿತ್ತು. ಮೂರು ಸಮುದ್ರದ ದಂಡೆಗೆ ಉಪ್ಪು ಏಕೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಮೊದಲ ವರ್ಷ ಎಮ್ಮೆ ಗಬ್ಬಾಗಿತ್ತು. ಸರಿಯಾಗಿ ಮೇ ತಿಂಗಳಲ್ಲೇ ಈಯುವುದೆಂದು ಅದು ನಿಶ್ಚಯಿಸಿಕೊಂಡಿತ್ತು. ಎರಡನೆಯ ವರ್ಷ ಕಾರ್ಖಾನೆಗೆ ಕಬ್ಬು ಕಳಿಸುವ ನಮ್ಮ ಪಾಳಿ ತಡವಾಗಿ, ಸೂಟಿ ಮುಗಿಯುವವರೆಗೂ ಹೊಲದಲ್ಲಿ ಕಬ್ಬು ನಿಂತೇ ಇತ್ತು. ಮೂರನೆಯ ವರ್ಷ ಎಮ್ಮೆಯೂ ಕಬ್ಬೂ ಸುಮ್ಮನಿದ್ದವು. ಪಂಚಾಂಗ ಎದ್ದು ಕೂತಿತು. ಸೋಮವಾರ ಪೂರ್ವಕ್ಕೆ ಹೋಗಬಾರದು, ಶುಕ್ರವಾರ ಪಶ್ಚಿಮಕ್ಕೆ, ಗುರುವಾರವಂತೂ ದಕ್ಷಿಣಕ್ಕೆ ಕಾಲಿಡಬಾರದು ಎಂದು ಹೆಂಡತಿ ನನ್ನ ನೋಟುಬುಕ್ಕಿನಲ್ಲಿ ನನ್ನ ಕೈಯಿಂದಲೇ ಬರೆಸಿದಳು. ಅಮಾವಾಸ್ಯೆ, ನೆಂಟರ ಮದುವೆ, ಎಲ್ಲ ಕಳೆದು ನೋಡಿದಾಗ ಎರಡು ದಿನ ಉಳಿದವು. ಆ ಎರಡು ದಿನ ಬಸುವಿಗೆ ಮೈತುಂಬ ಗೊಬ್ಬರ, ಅಂದರೆ ದಡಾರ, ಎದ್ದಿತು.

ನಾಲ್ಕನೆಯ ಬೇಸಿಗೆ ಬಂದಾಗ ವಿಮಲಾ ಒಂಬತ್ತು ಮುಗಿಸಿದ್ದಳು. ಒಂದು ಮಧ್ಯಾಹ್ನ ನಾನು ನೋಟುಬುಕ್ಕಿನಲ್ಲಿ ಹೊಸ ಗೆರೆ ಎಳೆಯುತ್ತ ಕೂತಿದ್ದೆ. ಅವಳು ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

“ಅಪ್ಪಾ, ಈ ಸೂಟಿ ಹೋದ್ರ ಮುಗೀತು. ಮುಂದ ಹತ್ತನೇತ್ತಿ, ಆಮ್ಯಾಲ ಬೆಳಗಾವ್ಯಾಗ ಹಾಸ್ಟೇಲು. ನಾ ಇಲ್ದಾಗ ನೀವು ಹೋಗಿ ಬರ್ರಿ,” ಎಂದಳು.

ಸಿಟ್ಟಿನಿಂದ ಹೇಳಿದ್ದರೆ ಗದರಿಸಬಹುದಿತ್ತು. ಅವಳು ನನ್ನನ್ನು ಸಮಾಧಾನ ಮಾಡುವ ಧಾಟಿಯಲ್ಲಿ ಹೇಳಿದಳು. ನನಗೆ ನಾಚಿಕೆಯಾಯಿತು, ಸ್ವಲ್ಪ ಹೆದರಿಕೆಯೂ ಆಯಿತು. ನಾನು ನಕಾಶೆ ತಿರುವಿಹಾಕುವಷ್ಟರಲ್ಲಿ ಹುಡುಗಿ ಬೆಳೆದುಬಿಟ್ಟಿದ್ದಳು.

ಆ ದಿನವೇ ಮೀರಜಿಗೆ ಪತ್ರ ಬರೆದೆ. ಅಲ್ಲಿ ನನ್ನ ಹೆಂಡತಿಯ ಅಣ್ಣ ಬಾಳಾಸಾಹೇಬ ಬಟ್ಟೆ ಅಂಗಡಿ ಇಟ್ಟಿದ್ದ. ಈ ತಿಂಗಳಲ್ಲಿ ಯಾವ ದಿನಕ್ಕಾದರೂ ಸರಿ, ನಾಲ್ಕು ಜನರಿಗೆ ರಿಸರ್ವೇಶನ್ ಮಾಡಿಸು ಎಂದು ಕೇಳಿಕೊಂಡೆ. ‘ಯಾವ ದಿನಕ್ಕಾದರೂ’ ಎಂದು ಬರೆದದ್ದನ್ನು ಹೆಂಡತಿಗೆ ತೋರಿಸಲಿಲ್ಲ.

ಮುಂದಿನ ಮಂಗಳವಾರ ನೆರೆಮನೆಯ ಅಪ್ಪಾಸಾಬ ಕಣ್ಣು ತೋರಿಸಲು ಮೀರಜಿಗೆ ಹೋಗಿದ್ದವನು ಸಂಜೆಗೆ ವರ್ತಮಾನ ತಂದ. ಬಾಳಾಸಾಹೇಬ ಮರಾಠಿಯಲ್ಲಿ, ಮಾಸ್ತರರಿಗೆ ಹೇಳು, ‘ರಿಝರ್ವೇಶನ್ ಪರವಾಚಂ’, ತಿಕೀಟು ನಾನೇ ಗಾಡಿಯಲ್ಲಿ ತಂದು ಕೊಡುತ್ತೇನೆ ಎಂದಿದ್ದನಂತೆ. ಅಪ್ಪಾಸಾಬ ನಮಗೆ ಅದನ್ನು ಕನ್ನಡದಲ್ಲಿ ಬಡಿಸಿದ.

“ರಿಸರ್ವೇಶನ್ ಮೊನ್ನೇನ ಆಗೇತಂತ್ರಿ. ತಿಕೀಟ ತಾವ ಗಾಡ್ಯಾಗ ತಂದ ಕೊಡ್ತಾರಂತ.”

ಮನೆಯಲ್ಲಿ ಹಬ್ಬವಾಯಿತು. ರವಿವಾರವೇ ಕೆಲಸ ಮುಗಿಸಿದ್ದಾನೆ, ನಮ್ಮಣ್ಣ ಅಂದರೆ ಹೀಗೆ ಎಂದು ಹೆಂಡತಿ ನನ್ನ ಕಡೆ ನೋಡಿದಳು. ಬಾಳಾಸಾಹೇಬ ತಿಕೀಟು ತರುತ್ತಾನೆ, ಅದರ ಮೇಲೆ ತಾರೀಖು ಇರುತ್ತದೆ, ಅವಸರ ಏನಿದೆ? ಗುರುವಾರ ಮಧ್ಯಾಹ್ನ ಅವಳು ನೆಮ್ಮದಿಯಿಂದ ಪ್ರವಾಸದ ಚಕ್ಕುಲಿಗೆ ಎಣ್ಣೆ ಇಟ್ಟಳು.

ಅದೇ ಹೊತ್ತಿಗೆ ಬಾಳಾಸಾಹೇಬ ನಾವು ಹತ್ತಬೇಕಾಗಿದ್ದ ಬೆಂಗಳೂರು ಗಾಡಿಯಲ್ಲಿ ರಾಯಬಾಗ ಸ್ಟೇಶನ್ನಿಗೆ ಬಂದಿಳಿದು, ನಾಲ್ಕು ತಿಕೀಟು ಕೈಯಲ್ಲಿ ಹಿಡಿದು, ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ‘ಮಾಸ್ತರ, ಮಾಸ್ತರ’ ಎಂದು ಓಡುತ್ತಿದ್ದ. ಮೂರು ಜನ ಬೇರೆ ಮಾಸ್ತರರು ತಿರುಗಿ ನೋಡಿದರಂತೆ. ಗಾಡಿ ಸೀಟಿ ಹೊಡೆದು ಹೊರಟುಹೋಯಿತು. ಅವನು ಬಸ್ಸು ಹಿಡಿದು ನಮ್ಮ ಮನೆಗೆ ಬಂದಾಗ ನಾನು ಬಿಸಿ ಚಕ್ಕುಲಿಯ ರುಚಿ ನೋಡುತ್ತಿದ್ದೆ.

“ಪರವಾ ಅಂತ ಹೇಳಿ ಕಳಿಸಿದ್ನೆಲ್ಲೊ ಮಾಸ್ತರ,” ಎಂದ ಬಾಳಾಸಾಹೇಬ, ಚೀಲ ಕೆಳಗಿಡದೆ.

ಆಗ ಗೊತ್ತಾಯಿತು. ಕನ್ನಡದಲ್ಲಿ ಮೊನ್ನೆ ಬೇರೆ, ನಾಡಿದ್ದು ಬೇರೆ. ಮರಾಠಿಯಲ್ಲಿ ಎರಡಕ್ಕೂ ಪರವಾ. ಹಿಂದಿನದೋ ಮುಂದಿನದೋ ಎಂಬುದನ್ನು ಕ್ರಿಯಾಪದ ಹೇಳಬೇಕು, ಬಾಳಾಸಾಹೇಬ ಕ್ರಿಯಾಪದ ಉಳಿತಾಯ ಮಾಡುವ ಮನುಷ್ಯ. ನಾಡಿದ್ದಿನ ರಿಸರ್ವೇಶನ್ ಎಂದು ಅವನು ಹೇಳಿದ್ದು ಕೃಷ್ಣಾ ಹೊಳೆ ದಾಟುವಷ್ಟರಲ್ಲಿ ಮೊನ್ನೆಯದಾಗಿತ್ತು. ಮರಾಠಿ ಬಾರದ ಊರಾಗಿದ್ದರೆ ಯಾರಾದರೂ ಅರ್ಥ ಕೇಳುತ್ತಿದ್ದರು. ನಮ್ಮ ಕಡೆ ಎಲ್ಲರಿಗೂ ಎರಡೂ ಭಾಷೆ ಬರುತ್ತವೆ, ಹಾಗಾಗಿ ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ಅಪ್ಪಾಸಾಬನ ಮೇಲೆ ರೇಗಬೇಕೆಂದು ಎದ್ದವನು ಹಾಗೆಯೇ ಕೂತೆ. ನಾಲ್ಕು ವರ್ಷ ‘ನಾಡಿದ್ದು ಹೋಗೋಣ’ ಎನ್ನುತ್ತಲೇ ‘ಮೊನ್ನೆಯೇ ಹೋಗಬೇಕಿತ್ತು’ ಎಂಬಲ್ಲಿಗೆ ತಲುಪಿದ್ದ ನಾನು ಯಾವ ಮುಖ ಇಟ್ಟುಕೊಂಡು ಅವನ ಭಾಷಾಂತರ ತಿದ್ದಲಿ?

ವಿಮಲಾ ಅಟ್ಟದಿಂದ ಇಳಿಸಿದ್ದ ಟ್ರಂಕನ್ನು ಮತ್ತೆ ಅಟ್ಟಕ್ಕೆ ಏರಿಸಲು ಸ್ಟೂಲು ತಂದಳು. ಅದನ್ನು ನೋಡಿದ ನನ್ನ ಹೆಂಡತಿ ಬಾಣಲೆ ಕೆಳಗಿಳಿಸಿದಳು.

“ಟ್ರಂಕ್ ಅಲ್ಲೇ ಇರಲಿ. ದಾದಾ, ನಾಳೆ ಮುಂಜಾನೆ ಗೋವಾ ಗಾಡಿ ಐತಲ್ಲಾ? ಅದಕ್ಕೇನು ರಿಸರ್ವೇಶನ್ ಬೇಕಾಗೂದಿಲ್ಲ,” ಎಂದು ಅಣ್ಣನಿಗೆ ಹೇಳಿದಳು.

ನಾಳೆ ಶುಕ್ರವಾರ, ಗೋವಾ ಪಶ್ಚಿಮಕ್ಕೆ. ನೋಟುಬುಕ್ಕಿನಲ್ಲಿ ಅವಳೇ ಬರೆಸಿದ್ದಳು. ನಾನು ನೆನಪು ಮಾಡಿಕೊಡಲಿಲ್ಲ. ನಾವು ಬರುವವರೆಗೆ ಎಮ್ಮೆ ನೋಡಿಕೊಳ್ಳಲು ಅಪ್ಪಾಸಾಬ ಪ್ರಾಯಶ್ಚಿತ್ತವಾಗಿ ಒಪ್ಪಿಕೊಂಡ. ಬಾಳಾಸಾಹೇಬ ತೊಟ್ಟ ಬಟ್ಟೆಯಲ್ಲೇ ನಮ್ಮ ಜೊತೆ ಹೊರಟ. ಜನರಲ್ ಡಬ್ಬಿಯಲ್ಲಿ ಟ್ರಂಕಿನ ಮೇಲೆ ಪಾಳಿಯಂತೆ ಕೂತು, ದಾರಿಯುದ್ದಕ್ಕೂ ಚಕ್ಕುಲಿ ತಿಂದು, ಮಡಗಾಂವದಲ್ಲಿ ಇಳಿದು ಬಸ್ಸು ಹತ್ತಿದೆವು. ನೋಟುಬುಕ್ಕು ಮನೆಯಲ್ಲೇ ಉಳಿದಿತ್ತು, ಯಾರಿಗೂ ಅದರ ನೆನಪು ಬರಲಿಲ್ಲ.

ತೆಂಗಿನ ಮರಗಳ ಸಾಲು ಮುಗಿಯುತ್ತಲೇ ಸಮುದ್ರ ಎದುರಿಗೆ ಬಂತು. ಬಸು ಚಪ್ಪಲಿ ಬಿಸಾಡಿ ಓಡಿದ, ಬಾಳಾಸಾಹೇಬ ಅವನ ಹಿಂದೆ ಓಡಿದ. ನಾನು ಅಲೆಯ ಸದ್ದಿಗೆ ಕಿವಿಗೊಟ್ಟೆ. ಹದಿನೈದು ವರ್ಷ ಕೈ ಆಡಿಸಿ ಹೇಳಿದ್ದರಲ್ಲಿ ಈ ಸದ್ದು ಎಲ್ಲಿಯೂ ಇರಲಿಲ್ಲ. ವಿಮಲಾ ಒದ್ದೆ ಮರಳಿನ ಅಂಚಿನವರೆಗೆ ನಡೆದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಅಪ್ಪಾ, ಒಂದ ದಿನದ ಹಾದಿ. ಇದಕ್ಕ ನಾಕ ವರ್ಷ ಯಾಕ ಬೇಕಾತು?”

ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ ಸೀರೆಯ ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸುತ್ತ ಹೇಳಿದಳು:

“ನಿಮ್ಮಪ್ಪಗ ಭೂಗೋಳ ಭಾಳ ಬರತೈತಿ, ಅದಕ್ಕ.”

ಮಗಳು ಜೋರಾಗಿ ನಕ್ಕಳು. ನಾನು ಪ್ಯಾಂಟು ಮೊಣಕಾಲಿನವರೆಗೆ ಮಡಚಿಕೊಂಡು, ಅವಳ ಕೈ ಹಿಡಿದು ನೀರಿಗಿಳಿದೆ.